ಮದ್ಯ, ಮಾದಕ ವ್ಯಸನದ ಚಿಕಿತ್ಸೆ ಪ್ರಾಥಮಿಕ ಆರೋಗ್ಯ ತಂಡದ ಕೈಗೆ ಬರಲಿ

ಆರೋಗ್ಯ ಇಲಾಖೆಗಳನ್ನು ನಡೆಸುವವರಿಗೆ, ವೈದ್ಯಕೀಯ ಹಾಗೂ ನರ್ಸಿಂಗ್ ಪಠ್ಯಕ್ರಮ ರೂಪಿಸುವವರಿಗೆ, ತರಬೇತಿಯ ಕಡತಗಳಿಗೆ ಸಹಿ ಹಾಕುವವರಿಗೆ –

ಮಾನ್ಯರೇ,

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ ಇವಕ್ಕೆಲ್ಲ ಚಿಕಿತ್ಸೆ ಕೊಡುವ ತಂಡವೇ, ಅದೇ ಕೊಠಡಿಯಲ್ಲಿ, ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನಕ್ಕೂ ಚಿಕಿತ್ಸೆ ಶುರು ಮಾಡುವಂತಾಗಬೇಕು. ಅದಕ್ಕೆ ಬೇಕಾದ ತರಬೇತಿಯನ್ನು ಕೊಡಿ. ಒಂದು ದಿನದ ಕಾರ್ಯಾಗಾರ, ನೂರು ಸ್ಲೈಡು, ಗುಂಪು ಫೋಟೊ, ಸಂಜೆಗೊಂದು ಪ್ರಮಾಣಪತ್ರ ಇಂಥದ್ದು ಈಗಾಗಲೇ ಬೇಕಾದಷ್ಟು ನಡೆದಿದೆ. ಅದರಿಂದ ರೋಗಿಯ ಕೈಗೆ ಮಾತ್ರೆ ತಲುಪಿದ್ದನ್ನು ನಾನು ಕಂಡಿದ್ದು ಬಹಳ ಕಡಿಮೆ.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೋಗಿಗಳನ್ನು ನೋಡುವ ವೈದ್ಯ. ಈ ವಿಷಯದಲ್ಲಿ ತರಬೇತಿ ಪಡೆದು, ಆಮೇಲೆ ಬೇರೆ ತಂಡಗಳಿಗೆ ಕಲಿಸುವ ಕೆಲಸಕ್ಕೂ ಕೈ ಹಾಕಿದವನು. ಹಾಗಾಗಿ ಈ ಪತ್ರದಲ್ಲಿ ದೂರಿಗಿಂತ ಕೆಲಸದ ಮಾತೇ ಹೆಚ್ಚು.

ಕುಡಿತದ ತೊಂದರೆ ಇರುವವರು ಆಸ್ಪತ್ರೆಯ ಕಡೆ ತಲೆಯೇ ಹಾಕುವುದಿಲ್ಲ ಎಂದು ಸಭೆಗಳಲ್ಲಿ ಆಗಾಗ ಹೇಳುತ್ತಾರೆ. ಯಾಕೆ ಹಾಕುವುದಿಲ್ಲ? ಹೊಟ್ಟೆ ಉರಿ ಎಂದು ಬರುತ್ತಾರೆ. ನಿದ್ದೆ ಹತ್ತುತ್ತಿಲ್ಲ ಎಂದು, ಅಂಗಾಲು ಜೋಮು ಹಿಡಿದಿದೆ ಎಂದು, ಎಲ್ಲೋ ಬಿದ್ದು ಪಕ್ಕೆ ನೋಯುತ್ತಿದೆ ಎಂದು ಬರುತ್ತಾರೆ. ಎರಡು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಇಳಿಯುತ್ತಿಲ್ಲ ಎಂದು ತಿಂಗಳು ತಿಂಗಳೂ ಬರುತ್ತಾರೆ. ನಾವು ಒಮ್ಮೆ ಆಸಿಡಿಟಿಗೆ, ಒಮ್ಮೆ ನಿದ್ದೆಗೆ, ಒಮ್ಮೆ ನೋವಿಗೆ ಬರೆದುಕೊಡುತ್ತೇವೆ, ಬಿ.ಪಿ.ಗೆ ಮೂರನೇ ಮಾತ್ರೆ ಸೇರಿಸುತ್ತೇವೆ. ಬಾಯಿಂದ ವಾಸನೆ ಬಂದರೆ ಮುಖ ಆಚೆ ಮಾಡಿ "ಮೊದ್ಲು ಕುಡಿಯೋದು ಬಿಡ್ರಿ" ಅನ್ನುತ್ತೇವೆ. ನಮ್ಮಲ್ಲಿ ಸ್ವಲ್ಪ ಕಾಳಜಿ ಇರುವವರು ವ್ಯಸನಮುಕ್ತಿ ಕೇಂದ್ರಕ್ಕೊಂದು ಚೀಟಿ ಬರೆಯುತ್ತಾರೆ. ಆ ಚೀಟಿ ಹಿಡಿದುಕೊಂಡು ಅವರು ಹೋದರೋ ಇಲ್ಲವೋ ಎಂದು ವಿಚಾರಿಸುವ ಪದ್ಧತಿಯೇ ಹೆಚ್ಚಿನ ಕಡೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2019ರ ಒಂದೇ ವರ್ಷದಲ್ಲಿ ಮದ್ಯದ ಕಾರಣಕ್ಕೆ ಸತ್ತವರು 26 ಲಕ್ಷ, ಮಾದಕ ವಸ್ತುಗಳ ಕಾರಣಕ್ಕೆ ಸತ್ತವರು 6 ಲಕ್ಷ. ಮಾದಕ ವಸ್ತುಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಕಚೇರಿ ಅದೇ ವರ್ಷ ಕೊಟ್ಟ ಲೆಕ್ಕದಲ್ಲಿ ಜಗತ್ತಿನಲ್ಲಿ 6.4 ಕೋಟಿ ಜನರಿಗೆ ಮಾದಕ ವಸ್ತು ಬಳಕೆಯ ಕಾಯಿಲೆ ಇದೆ. ಅವರಲ್ಲಿ ಚಿಕಿತ್ಸೆ ಸಿಗುತ್ತಿರುವುದು ಹನ್ನೊಂದರಲ್ಲಿ ಒಬ್ಬರಿಗೆ. ಉಳಿದ ಹತ್ತು ಮಂದಿಗೆ ಸಾಲುವಷ್ಟು ಮನೋವೈದ್ಯರನ್ನು ಯಾವ ದೇಶವೂ ತಯಾರು ಮಾಡಿಲ್ಲ, ಮುಂದೆ ಮಾಡುವ ಲಕ್ಷಣವೂ ಕಾಣುತ್ತಿಲ್ಲ. ಅವರು ಈಗಾಗಲೇ ಬಂದು ಕೂರುತ್ತಿರುವುದು ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲೆ.

ಇಷ್ಟಾದರೂ ನಾವು ಯಾಕೆ ಶುರು ಮಾಡುವುದಿಲ್ಲ? ಔಷಧ ಇಲ್ಲವೆಂದೇನೂ ಅಲ್ಲ. ಆದರೆ ಈ ಕಾಯಿಲೆಗೆ ಔಷಧ ಇದೆ ಎನ್ನುವುದೇ ಎಷ್ಟೋ ವೈದ್ಯರಿಗೆ ಹೊಸ ಸುದ್ದಿ. ಕಾಲೇಜಿನಲ್ಲಿ ಲಿವರ್ ಸಿರೋಸಿಸ್ಸಿನ ಬಗ್ಗೆ ಪುಟಗಟ್ಟಲೆ ಓದಿರುತ್ತೇವೆ, ಆ ಸ್ಥಿತಿಗೆ ತಂದ ಕುಡಿತಕ್ಕೆ ಏನು ಕೊಡಬೇಕೆಂಬುದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಎಲ್ಲರಿಗೂ ಗೊತ್ತಿರುವುದು ಡೈಸಲ್ಫಿರಾಮ್ ಒಂದೇ, ಅದೂ ತಪ್ಪಾಗಿ. ಮನೆಯವರು ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಡಾಕ್ಟ್ರೇ, ಅವ್ರಿಗೆ ಗೊತ್ತಾಗದ ಹಾಗೆ ಬೆರೆಸಿ ಕೊಡೋ ಮಾತ್ರೆ ಇದ್ಯಂತಲ್ಲ?" ಗೊತ್ತಿಲ್ಲದೆ ಅದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ರೋಗಿಯ ಒಪ್ಪಿಗೆ ಇಲ್ಲದೆ ಅದನ್ನು ಕೊಡುವ ಹಾಗೇ ಇಲ್ಲ. ಬೇಡ ಅನ್ನುವುದು ಸುಲಭ; ಬೇಡ ಅಂದಮೇಲೆ ಇನ್ನೇನು ಕೊಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲ, ಅದನ್ನು ನಮ್ಮ ತಂಡಗಳಿಗೆ ಯಾರೂ ಕಲಿಸಿಲ್ಲ.

ಉತ್ತರ ಇದೆ. ನಾಲ್ಟ್ರೆಕ್ಸೋನ್ ಇದೆ, ಅಕಾಂಪ್ರೊಸೇಟ್ ಇದೆ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, 12 ಜನಕ್ಕೆ ಅಕಾಂಪ್ರೊಸೇಟ್ ಕೊಟ್ಟರೆ ಒಬ್ಬರು ಮತ್ತೆ ಕುಡಿತಕ್ಕೆ ಮರಳುವುದು ತಪ್ಪುತ್ತದೆ. ದಿನಕ್ಕೆ 50 ಮಿಲಿಗ್ರಾಂ ನಾಲ್ಟ್ರೆಕ್ಸೋನನ್ನು 12 ಜನಕ್ಕೆ ಕೊಟ್ಟರೆ ಒಬ್ಬರು ವಿಪರೀತ ಕುಡಿತಕ್ಕೆ ಮರಳುವುದು ತಪ್ಪುತ್ತದೆ. ಹನ್ನೆರಡಕ್ಕೆ ಒಬ್ಬರೇ ಎಂದು ಮೂಗು ಮುರಿಯಬೇಡಿ. ನಾವು ದಿನವೂ ಯೋಚನೆಯಿಲ್ಲದೆ ಬರೆಯುವ ಎಷ್ಟೋ ಮಾತ್ರೆಗಳಲ್ಲಿ ಒಬ್ಬರಿಗೆ ಲಾಭವಾಗಲು ಇದಕ್ಕಿಂತ ಎಷ್ಟೋ ಹೆಚ್ಚು ಜನ ನುಂಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಈ ಎರಡನ್ನೂ 2023ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಬರೆಯುವ ಮುನ್ನ ನೋಡಬೇಕಾದದ್ದೂ ದೊಡ್ಡದೇನಿಲ್ಲ. ನಾಲ್ಟ್ರೆಕ್ಸೋನ್ ಕೊಡುವ ಮೊದಲು ಲಿವರ್ ತೀರಾ ಕೆಟ್ಟಿಲ್ಲವೆಂದು, ರೋಗಿ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ಗುಂಪಿನ ಯಾವುದೇ ಔಷಧ ಅಥವಾ ಮಾದಕ ವಸ್ತು ತೆಗೆದುಕೊಳ್ಳುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಅಕಾಂಪ್ರೊಸೇಟ್ ಆದರೆ ಕಿಡ್ನಿ ನೋಡಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬರೆಯಲು ಗೊತ್ತಿರುವ ವೈದ್ಯರಿಗೆ ಇದು ಮೀರಿದ ವಿದ್ಯೆಯಲ್ಲ.

ಹಾಗಾದರೆ ತರಬೇತಿಯಲ್ಲಿ ಕಷ್ಟದ ಭಾಗ ಯಾವುದು? ಕೇಳುವುದು. ನಮ್ಮ ಅಭ್ಯಾಸದ ಕೊಠಡಿಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಒಬ್ಬರು ವೈದ್ಯರು ವೈದ್ಯರಾಗಿಯೇ ಕೂರುತ್ತಾರೆ, ಒಬ್ಬ ನರ್ಸ್ ರೋಗಿಯ ಪಾತ್ರ ಮಾಡುತ್ತಾರೆ. ಬಿ.ಪಿ. 160/100 ಎಂದು ಚೀಟಿಯಲ್ಲಿ ಬರೆದು ಕೊಟ್ಟಿರುತ್ತೇವೆ. ವೈದ್ಯರು ಉಪ್ಪು ಕೇಳುತ್ತಾರೆ, ನಡಿಗೆ ಕೇಳುತ್ತಾರೆ, ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳುತ್ತಾರೆ. ಆಮೇಲೆ ಪೆನ್ನು ಕಾಗದದ ಮೇಲೆ ಇಟ್ಟುಕೊಂಡೇ, ತಲೆ ಎತ್ತದೆ, "ಕುಡಿತ ಗಿಡಿತ ಏನೂ ಇಲ್ಲ ಅಲ್ವಾ?"

"ಇಲ್ಲ ಸರ್."

ಮುಗಿಯಿತು. ಇಲ್ಲ ಎಂಬ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೈಗೆ ಕೊಟ್ಟ ಹಾಗಾಯಿತು. ಅದನ್ನೇ ಇನ್ನೊಮ್ಮೆ ಮಾಡಿಸುತ್ತೇವೆ. ಈ ಸಲ ಪೆನ್ನು ಮೇಜಿನ ಮೇಲಿರಬೇಕು, ಕಣ್ಣು ರೋಗಿಯ ಮೇಲಿರಬೇಕು, ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕೂರಿಸಿರಬೇಕು. "ಬಿ.ಪಿ. ಜಾಸ್ತಿ ಇರೋ ಎಲ್ಲರನ್ನೂ ಇದನ್ನ ಕೇಳ್ತೀನಿ. ಹೋದ ಒಂದು ವರ್ಷದಲ್ಲಿ ಎಷ್ಟೆಷ್ಟು ದಿನಕ್ಕೊಮ್ಮೆ ಕುಡಿದಿರಬಹುದು? ಕುಡಿದ ದಿನ ಸಾಮಾನ್ಯವಾಗಿ ಎಷ್ಟಾಗತ್ತೆ? ಒಂದೇ ಸಲಕ್ಕೆ ಆರು ಅಳತೆ ಅಥವಾ ಅದಕ್ಕಿಂತ ಜಾಸ್ತಿ ಆಗಿದ್ದು ಎಷ್ಟು ಬಾರಿ?" ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ನಮ್ಮವರಿಗೆ ಎಲ್ಲಕ್ಕಿಂತ ಕಷ್ಟ. ಮೂರು ಸೆಕೆಂಡಾಗುವಷ್ಟರಲ್ಲಿ ಯಾರಾದರೂ ಉಪದೇಶ ಶುರು ಮಾಡಿಬಿಡುತ್ತಾರೆ. ಪಾತ್ರ ಮಾಡುತ್ತಿದ್ದ ನರ್ಸ್ ಆಮೇಲೆ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: "ನೀವು ಸುಮ್ನೆ ಇದ್ರಲ್ಲ, ಆಗ ಹೇಳ್ಬೇಕು ಅನ್ನಿಸ್ತು."

ಈ ಮೂರು ಪ್ರಶ್ನೆಗಳು ನಾವು ಹುಟ್ಟಿಸಿದವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷಿಸಿ ರೂಪಿಸಿದ, 'ಆಡಿಟ್' ಎಂದು ಕರೆಯುವ ಹತ್ತು ಪ್ರಶ್ನೆಗಳಲ್ಲಿ ಮೊದಲ ಮೂರು. ಹತ್ತೂ ಪ್ರಶ್ನೆಗೆ ಸೇರಿ 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಗೋಡೆಗೆ ಅಂಟಿಸಿದ ಒಂದು ಹಾಳೆಯಲ್ಲಿ ಮುಗಿಯುವ ವಿಷಯ.

ಆದರೆ ಇಲ್ಲೇ ಎಷ್ಟೋ ತರಬೇತಿ ಕಾರ್ಯಕ್ರಮಗಳು ನಿಂತುಬಿಡುತ್ತವೆ ಎಂಬುದು ನನ್ನ ತಕರಾರು. ಪ್ರಶ್ನೆ ಕೇಳಿ, ಅಂಕ ಹಾಕಿ, ಐದು ನಿಮಿಷ ಬುದ್ಧಿಮಾತು ಹೇಳಿ, ದಾಖಲೆ ತುಂಬಿ ಅನ್ನುತ್ತಾರೆ. ಮಿತಿ ಮೀರಿ ಕುಡಿಯುವವರಿಗೆ ಈ ಚುಟುಕು ಸಮಾಲೋಚನೆಯಿಂದ ಅನುಕೂಲವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 69 ಅಧ್ಯಯನಗಳನ್ನು ನೋಡಿ, ಒಂದು ವರ್ಷದ ಬಳಿಕ ವಾರಕ್ಕೆ ಸುಮಾರು 20 ಗ್ರಾಂ ಆಲ್ಕೋಹಾಲ್ ಕಡಿಮೆಯಾಗುತ್ತದೆ ಎಂದಿತು. ಒಂದು ಅಳತೆಗೆ 10 ಗ್ರಾಂ ಎಂದು ಹಿಡಿದರೆ ವಾರಕ್ಕೆ ಎರಡು ಅಳತೆ. ಅಷ್ಟಕ್ಕೆ ಅದು ಸರಿಯೇ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರಿಗೆ ಆ ಐದು ನಿಮಿಷ ಏನೂ ಸಾಲದು. ಮಾದಕ ವಸ್ತುಗಳ ವಿಷಯದಲ್ಲಂತೂ 2014ರಲ್ಲಿ ಪ್ರಾಥಮಿಕ ಚಿಕಿತ್ಸೆಯಲ್ಲೇ ನಡೆದ ಎರಡು ದೊಡ್ಡ ಅಧ್ಯಯನಗಳು ಚುಟುಕು ಸಮಾಲೋಚನೆಯಿಂದ ಬಳಕೆ ಕಡಿಮೆಯಾಗಲಿಲ್ಲ ಎಂದು ನೇರವಾಗಿ ಹೇಳಿದವು. ಪತ್ತೆ ಮಾಡುವುದನ್ನು ಕಲಿಸಿ ಚಿಕಿತ್ಸೆ ಕೊಡುವುದನ್ನು ಕಲಿಸದಿದ್ದರೆ ಕೇಂದ್ರದ ರಿಜಿಸ್ಟರ್ ತುಂಬುತ್ತದೆ, ರೋಗಿ ಇದ್ದಲ್ಲೇ ಇರುತ್ತಾನೆ.

ಇನ್ನೊಂದು ಅಪಾಯವೂ ಇದೆ, ಇದನ್ನು ನೀವು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ದೇಹ ಮದ್ಯಕ್ಕೆ ಒಗ್ಗಿಹೋದವರಿಗೆ "ಇವತ್ತಿಂದ ಬಿಟ್ಟುಬಿಡಿ" ಅನ್ನುವುದು ಒಳ್ಳೆಯ ಸಲಹೆಯಂತೆ ಕೇಳಿಸಿದರೂ ಅದರಿಂದ ಜೀವ ಹೋಗಬಹುದು. ಕೊನೆಯ ಸಲ ಕುಡಿದು ಆರೆಂಟು ಗಂಟೆಯೊಳಗೆ ಕೈನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ದಿಕ್ಕು ತಪ್ಪಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಿ, ಜ್ವರ ಏರಿ ಡೆಲಿರಿಯಂ ಆಗಬಹುದು. ಆದ್ದರಿಂದ ಬಿಡಿ ಅನ್ನುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ಹಿಂದೆ ಯಾವಾಗಲಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಏನೇನೋ ಕಾಣಿಸಿತ್ತಾ?" ಹೌದು ಅಂದರೆ, ಅಥವಾ ಗರ್ಭಿಣಿಯಾಗಿದ್ದರೆ, ಬೇರೆ ದೊಡ್ಡ ಕಾಯಿಲೆ ಇದ್ದರೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ, ಒಳರೋಗಿಯಾಗಿಯೇ ಸೇರಿಸಬೇಕು. ಉಳಿದ ಬಹಳಷ್ಟು ಜನರಿಗೆ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್‌ ಕೊಟ್ಟು, ದಿನ ದಿನಕ್ಕೆ ಪ್ರಮಾಣ ಇಳಿಸುತ್ತಾ, ದಿನಾ ಒಮ್ಮೆ ನೋಡುತ್ತಾ ಪ್ರಾಥಮಿಕ ಕೇಂದ್ರದಲ್ಲೇ ದಾಟಿಸಬಹುದು. ಲಿವರ್ ಹಾಳಾಗಿದ್ದರೆ ಲೊರಾಜೆಪಾಮ್. ಎಲ್ಲರಿಗೂ ಥಯಾಮಿನ್, ಅಂದರೆ ಬಿ1 ವಿಟಮಿನ್. ಸುಸ್ತಾಗಿ ಬಂದ ಕುಡಿತದ ರೋಗಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಥಯಾಮಿನ್ ಕೊರತೆಯಿಂದ ವರ್ನಿಕೆ ಎಂಬ ಮೆದುಳಿನ ತೊಂದರೆ ಬಂದರೆ ನೆನಪಿನ ಶಕ್ತಿ ಮತ್ತೆ ಪೂರ್ತಿ ಬಾರದೇ ಹೋಗಬಹುದು. ಇಷ್ಟು ಕಲಿಸಲು ವರ್ಷ ಬೇಡ. ಒಂದು ದಿನದಲ್ಲಿ ಕಲಿಸಬಹುದು, ಆದರೆ ಮೊದಲ ನಾಲ್ಕೈದು ರೋಗಿಗಳ ಹೊತ್ತಿಗೆ ಫೋನಿನ ಆ ತುದಿಯಲ್ಲಿ ಒಬ್ಬ ತಜ್ಞರು ಇರಬೇಕು.

ತರಬೇತಿ ಅಂದ ತಕ್ಷಣ ವೈದ್ಯರನ್ನು ಮಾತ್ರ ಕರೆಯುತ್ತೀರಿ. ವೈದ್ಯರಿಗೆ ವರ್ಗಾವಣೆಯಾದ ದಿನ ಕಲಿತದ್ದೂ ಅವರ ಜೊತೆಗೇ ಗಂಟು ಕಟ್ಟಿಕೊಂಡು ಹೋಗುತ್ತದೆ. ಕರೆಯಬೇಕಾದದ್ದು ಇಡೀ ತಂಡವನ್ನು. 2006ರಲ್ಲಿ ಪ್ರಕಟವಾದ 'ಕಂಬೈನ್' ಅಧ್ಯಯನದಲ್ಲಿ 1,383 ರೋಗಿಗಳಿದ್ದರು. ಅದರಲ್ಲಿ ನಾಲ್ಟ್ರೆಕ್ಸೋನ್ ಜೊತೆಗೆ ವೈದ್ಯರೋ ನರ್ಸೋ ನಡೆಸಬಹುದಾದ ಸರಳ ಭೇಟಿಗಳು – ಮೊದಲ ಭೇಟಿಗೆ ಮುಕ್ಕಾಲು ಗಂಟೆ, ಆಮೇಲೆ ಇಪ್ಪತ್ತು ನಿಮಿಷದಂತೆ – ಇಷ್ಟೇ ಇದ್ದ ಗುಂಪಿನಲ್ಲೂ ಒಳ್ಳೆಯ ಫಲಿತಾಂಶ ಬಂತು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವೈದ್ಯಕೀಯ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಿ, ಹಾನಿಕರ ಮಟ್ಟದಲ್ಲಿ ಕುಡಿಯುವ ಗಂಡಸರೊಂದಿಗೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಈ ಗುಂಪಿನಲ್ಲಿ ಶೇ 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ 26. ಅವರ ವಿಧಾನದಲ್ಲಿ ನನಗೆ ಹಿಡಿಸಿದ್ದು, ಸಮಾಲೋಚಕರ ಮಾತುಕತೆಯ ಧ್ವನಿಮುದ್ರಣವನ್ನು ಆಮೇಲೆ ಗುಂಪಿನಲ್ಲಿ ಕೂತು ಕೇಳಿ ತಿದ್ದುತ್ತಿದ್ದುದು. ಅಂದರೆ ತರಬೇತಿ ಮುಗಿದ ಮೇಲೂ ಅವರ ಕಲಿಕೆ ನಡೆಯುತ್ತಲೇ ಇತ್ತು.

ಫಾರ್ಮಸಿಸ್ಟರನ್ನು ಯಾರೂ ಕರೆಯುವುದಿಲ್ಲ. ಮಾತ್ರೆ ತೆಗೆದುಕೊಳ್ಳಲು ಬರಬೇಕಾದ ದಿನ ರೋಗಿ ಬಾರದಿದ್ದರೆ ಅದು ಮೊದಲು ಗೊತ್ತಾಗುವುದು ಅವರಿಗೆ. ಹೆಸರು ಬರೆದುಕೊಳ್ಳುವ ಕೌಂಟರಿನವರನ್ನೂ ಕರೆಯುವುದಿಲ್ಲ. "ಏಯ್, ಆ ಕುಡುಕನ ಫೈಲ್ ಕೊಡಿ ಇಲ್ಲಿ" ಎಂದು ಅವರು ಒಮ್ಮೆ ಕೂಗಿದರೆ, ಒಳಗೆ ನಾವು ಎಷ್ಟು ಚೆನ್ನಾಗಿ ಮಾತಾಡಿದರೇನು, ರೋಗಿ ಮತ್ತೆ ಬರುವುದಿಲ್ಲ. ಇನ್ನು ಒಂದು ಮಾತು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೆ, ಹೇಳಿಬಿಡುತ್ತೇನೆ: ತರಬೇತಿಗೆ ಬಂದು ಕೂತವರಲ್ಲೂ ಕುಡಿತದ ತೊಂದರೆ ಇರುವವರಿರುತ್ತಾರೆ. ಅವರಿಗೆ ಕೆಲಸ ಹೋಗುವ ಹೆದರಿಕೆಯಿಲ್ಲದೆ ಗುಟ್ಟಾಗಿ ಚಿಕಿತ್ಸೆ ಸಿಗುವ ದಾರಿ ಇಲ್ಲದಿದ್ದರೆ, ಅವರು ರೋಗಿಗಳ ಹತ್ತಿರ ಈ ಪ್ರಶ್ನೆಯನ್ನೇ ಎತ್ತುವುದಿಲ್ಲ.

ಓಪಿಯಾಯ್ಡ್‌ಗಳ ವಿಷಯಕ್ಕೆ ಬರುತ್ತೇನೆ. ಹೆರಾಯಿನ್ ಆಗಲಿ, ನೋವಿನ ಮಾತ್ರೆಗಳಾಗಲಿ, ಇವುಗಳ ಅವಲಂಬನೆಗೆ ಬ್ಯೂಪ್ರೆನಾರ್ಫಿನ್ ಮತ್ತು ಮೆಥಡೋನ್ ಕೆಲಸ ಮಾಡುತ್ತವೆ ಎಂಬ ಬಗ್ಗೆ ಈಗ ವಾದವೇ ಉಳಿದಿಲ್ಲ. 2005ರಿಂದಲೂ ಇವು ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಹತ್ತು ದಿನ ಒಳಗಿಟ್ಟು 'ಶುದ್ಧ' ಮಾಡಿ ಮನೆಗೆ ಕಳಿಸುವ ಪದ್ಧತಿ ಮಾತ್ರ ಇನ್ನೂ ಎಲ್ಲೆಡೆ ನಡೆದಿದೆ. ಆ ಹತ್ತು ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹೊರಗೆ ಬಂದವರು ಮೊದಲಿನಷ್ಟೇ ಪ್ರಮಾಣ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ ಬಿಡುಗಡೆಯಾದವರಿಗೂ ಇದೇ ಅಪಾಯ. ಮುಂದುವರಿಯುವ ಔಷಧವಿಲ್ಲದೆ, ಓಪಿಯಾಯ್ಡ್ ಮಿತಿಮೀರಿ ಉಸಿರು ನಿಲ್ಲುವಾಗ ಜೀವ ಉಳಿಸುವ ನಾಲೋಕ್ಸೋನ್ ಕೈಗೆ ಕೊಡದೆ ಇವರನ್ನು ಬೀಳ್ಕೊಡುವುದು ನನ್ನ ಪ್ರಕಾರ ನಿರ್ಲಕ್ಷ್ಯ.

ಯಾರಿಗೆ ಬರೆಯುವ ಅಧಿಕಾರ ಕೊಡಬೇಕು ಎಂಬುದರಲ್ಲಿ ಎರಡು ದೇಶಗಳ ಅನುಭವವನ್ನು ಪಕ್ಕಪಕ್ಕ ಇಟ್ಟು ನೋಡಿ. ಫ್ರಾನ್ಸ್ 1995ರಲ್ಲಿ ಸಾಮಾನ್ಯ ವೈದ್ಯರೆಲ್ಲರಿಗೂ ಬ್ಯೂಪ್ರೆನಾರ್ಫಿನ್ ಬರೆಯಲು ಅನುಮತಿ ಕೊಟ್ಟಿತು. ವಿಶೇಷ ಪರವಾನಗಿ ಬೇಕೆನ್ನಲಿಲ್ಲ. ನಂತರದ ನಾಲ್ಕೈದು ವರ್ಷಗಳಲ್ಲಿ ಅಲ್ಲಿ ಓಪಿಯಾಯ್ಡ್ ಮಿತಿಮೀರಿದ ಸೇವನೆಯ ಸಾವುಗಳು ಶೇ 79ರಷ್ಟು ಇಳಿದವು. ಅದೇ ಕಾಲಕ್ಕೆ ಮೆಥಡೋನ್, ಶುಚಿಯಾದ ಸಿರಿಂಜು ಇವೂ ಸುಲಭವಾಗಿ ಸಿಗತೊಡಗಿದ್ದವು, ಹಾಗಾಗಿ ಎಲ್ಲ ಶ್ರೇಯಸ್ಸನ್ನು ಒಂದೇ ಮಾತ್ರೆಗೆ ಕಟ್ಟಲಾಗದು. ಅಮೆರಿಕ ಇನ್ನೊಂದು ದಾರಿ ಹಿಡಿಯಿತು. 2000ದಲ್ಲಿ ಮಾಡಿದ ಕಾನೂನಿನಂತೆ ವೈದ್ಯರು ಎಂಟು ಗಂಟೆಯ ತರಬೇತಿ ಮುಗಿಸಿ ಪ್ರತ್ಯೇಕ ಅನುಮತಿ ಪಡೆಯಬೇಕಿತ್ತು, ಎಷ್ಟು ರೋಗಿಗಳಿಗೆ ಕೊಡಬಹುದು ಎಂಬುದಕ್ಕೂ ಮಿತಿಯಿತ್ತು. ತಮಾಷೆಯೆಂದರೆ ಚಟ ಹಿಡಿಸಬಲ್ಲ ನೋವಿನ ಮಾತ್ರೆಗಳನ್ನು ಬರೆಯಲು ಅಂಥ ಅಡ್ಡಿ ಇರಲಿಲ್ಲ. ಬಹುಪಾಲು ವೈದ್ಯರು ಆ ಗೋಜಿಗೇ ಹೋಗಲಿಲ್ಲ. 2022ರ ಡಿಸೆಂಬರಿನಲ್ಲಿ ಆ ಅನುಮತಿಯ ಪದ್ಧತಿ ರದ್ದಾಯಿತು. ರದ್ದಾದ ಮೇಲೆ ಬರೆಯುವವರ ಸಂಖ್ಯೆ ಏರಿತು, ಆದರೆ ಔಷಧ ಪಡೆಯುವ ರೋಗಿಗಳ ಸಂಖ್ಯೆ ಆ ವೇಗದಲ್ಲಿ ಏರಲಿಲ್ಲ. ಅಡ್ಡಗಟ್ಟೆ ತೆಗೆಯುವುದು ಬೇಕೇಬೇಕು, ಅದೊಂದೇ ಸಾಲದು. ಅಷ್ಟು ವರ್ಷ "ಇದು ನಮ್ಮ ಕೇಸಲ್ಲ" ಎಂದು ಕಲಿತವರಿಗೆ "ಇನ್ನು ನಿಮ್ಮದೇ" ಎಂದು ಸುತ್ತೋಲೆ ಕಳಿಸಿದರೆ ಕೈ ಓಡುವುದಿಲ್ಲ.

ಕೈ ಓಡುವಂತೆ ಮಾಡುವ ವಿಧಾನವೂ ಹೊಸದೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ 'ಪ್ರಾಜೆಕ್ಟ್ ಎಕೋ' ಶುರು ಮಾಡಿದರು. ವಾರಕ್ಕೊಮ್ಮೆ ದೂರದ ಕೇಂದ್ರಗಳ ವೈದ್ಯರು, ನರ್ಸುಗಳು ವಿಡಿಯೊ ಪರದೆಯ ಮೇಲೆ ಸೇರುತ್ತಾರೆ. ಒಬ್ಬರು ತಮ್ಮ ರೋಗಿಯ ವಿಷಯ ಹೆಸರು ಹೇಳದೆ ಮುಂದಿಡುತ್ತಾರೆ, ತಜ್ಞರೂ ಉಳಿದವರೂ ಚರ್ಚಿಸುತ್ತಾರೆ, ಚಿಕಿತ್ಸೆ ಮಾತ್ರ ಆ ಕೇಂದ್ರದಲ್ಲೇ ನಡೆಯುತ್ತದೆ. 2011ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ವೈರಸ್ ಮುಕ್ತರಾದವರು ಶೇ 57.5, ಈ ಕೇಂದ್ರಗಳಲ್ಲಿ ಶೇ 58.2. ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳು ಇದೇ ವಿಧಾನವನ್ನು ವ್ಯಸನ ಚಿಕಿತ್ಸೆ ಕಲಿಸಲು ಬಳಸಿವೆ. ನಾನು ಇದರ ಪರ ಇರುವುದಕ್ಕೆ ಕಾರಣ ತಂತ್ರಜ್ಞಾನವಲ್ಲ. ತನ್ನದೇ ರೋಗಿಯ ಬಗ್ಗೆ, "ನಾಲ್ಕನೇ ವಾರ ಮತ್ತೆ ಕುಡಿದುಬಿಟ್ಟ, ಈಗ ಏನು ಮಾಡಲಿ?" ಎಂದು ಕೇಳುವ ನರ್ಸ್ ಆ ಉತ್ತರವನ್ನು ಎಂದೂ ಮರೆಯುವುದಿಲ್ಲ.

ಮತ್ತೆ ಕುಡಿದುಬಿಟ್ಟ ಎಂಬ ಮಾತು ಬಂತಲ್ಲ. ಅಧಿಕಾರಿಗಳ ಬಾಯಿಂದ ನಾನು ಹೆಚ್ಚು ಕೇಳಿದ ಆಕ್ಷೇಪ ಇದೇ: "ಇವರಿಗೆ ಎಷ್ಟು ಮಾಡಿದರೂ ಅಷ್ಟೇ, ಮತ್ತೆ ಶುರು ಹಚ್ಕೋತಾರೆ." 2000ದಲ್ಲಿ ಅಮೆರಿಕದ ವ್ಯಸನ ಸಂಶೋಧಕ ಮ್ಯಾಕ್‌ಲೆಲನ್ ಮತ್ತು ಸಂಗಡಿಗರು ಈ ಲೆಕ್ಕ ಹಾಕಿ ತೋರಿಸಿದ್ದರು. ವ್ಯಸನದ ಚಿಕಿತ್ಸೆಯಲ್ಲಿ ಒಂದು ವರ್ಷದೊಳಗೆ ಮರುಕಳಿಸುವುದು ಶೇ 40ರಿಂದ 60. ಅಸ್ತಮಾ, ಅಧಿಕ ರಕ್ತದೊತ್ತಡದಲ್ಲಿ ಲಕ್ಷಣಗಳು ಮತ್ತೆ ಉಲ್ಬಣಿಸುವುದು ಶೇ 50ರಿಂದ 70. ಬಿ.ಪಿ. ಏರಿದವರನ್ನು ನಾವು ಬೈದು ಹೊರಗೆ ಹಾಕುವುದಿಲ್ಲ, ಔಷಧ ಬದಲಿಸುತ್ತೇವೆ. ಇಲ್ಲೂ ಮಾಡಬೇಕಾದದ್ದು ಅದನ್ನೇ.

ಸಮಯ ಎಲ್ಲಿದೆ ಎನ್ನುವ ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ, ಅದು ನಿಜ. ಹೊರಗೆ ಸಾಲು ಬೆಳೆಯುತ್ತಿರುವಾಗ ಮುಕ್ಕಾಲು ಗಂಟೆ ಒಬ್ಬರೊಂದಿಗೆ ಕೂರಲು ಯಾರಿಂದಲೂ ಆಗದು. ಆದ್ದರಿಂದಲೇ ನರ್ಸ್ ಮತ್ತು ಸಮಾಲೋಚಕರ ಹುದ್ದೆಗಳನ್ನು ತುಂಬಿ ಎನ್ನುತ್ತಿರುವುದು, ವಾರದಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೇ ಮೀಸಲಿಡಲು ಅನುಮತಿ ಕೇಳುತ್ತಿರುವುದು. ಜನ ಕೊಡದೆ ಜವಾಬ್ದಾರಿ ಮಾತ್ರ ಕೊಟ್ಟರೆ ನಮ್ಮವರು ರಿಜಿಸ್ಟರಿನಲ್ಲಿ ಸುಳ್ಳು ಬರೆಯುವುದನ್ನು ಕಲಿಯುತ್ತಾರೆ.

ನೀವು ಮಾಡಬೇಕಾದದ್ದನ್ನು ಇನ್ನಷ್ಟು ಬಿಡಿಸಿ ಹೇಳುವುದಾದರೆ: ತರಬೇತಿಯ ದಿನಾಂಕ ಗೊತ್ತುಮಾಡುವ ಮೊದಲು ಔಷಧ ಆ ಕೇಂದ್ರದ ಕಪಾಟಿಗೆ ಬಂದಿರಬೇಕು. ನಾಲ್ಟ್ರೆಕ್ಸೋನ್ ಬರೆಯಲು ಕಲಿತು ವಾಪಸು ಹೋದವರಿಗೆ "ಸ್ಟಾಕ್ ಇಲ್ಲ" ಎಂಬ ಉತ್ತರ ಸಿಕ್ಕರೆ ಎರಡು ತಿಂಗಳಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆ. ತರಬೇತಿಯನ್ನು ಒಮ್ಮೆಗೇ ಸುರಿಯದೆ, ಎರಡು ದಿನ ಅಭ್ಯಾಸ, ಆಮೇಲೆ ಕನಿಷ್ಠ ಆರು ತಿಂಗಳು ವಾರಕ್ಕೊಂದು ಗಂಟೆ ರೋಗಿಗಳ ಚರ್ಚೆ ಎಂದು ಹಂಚಿ. ಆ ಒಂದು ಗಂಟೆಯನ್ನು ಕರ್ತವ್ಯದ ಸಮಯವೆಂದೇ ಲೆಕ್ಕ ಹಾಕಿ. ಹಗಲಿನಲ್ಲಿ ಕರೆ ಸ್ವೀಕರಿಸುವ ಒಬ್ಬ ತಜ್ಞರ ಫೋನ್ ನಂಬರ್ ಪ್ರತಿ ತಂಡದ ಹತ್ತಿರ ಇರಲಿ. ರೋಗಿ ಹೇಳಿದ್ದು ಪೊಲೀಸರಿಗಾಗಲಿ, ಕೆಲಸ ಕೊಟ್ಟವರಿಗಾಗಲಿ ತಲುಪುವುದಿಲ್ಲ ಎಂದು ಬರವಣಿಗೆಯಲ್ಲಿ ಭರವಸೆ ಕೊಡಿ, ಇಲ್ಲವಾದರೆ ಮಾದಕ ವಸ್ತುಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವೈದ್ಯಕೀಯ, ನರ್ಸಿಂಗ್ ಪರೀಕ್ಷೆಗಳಲ್ಲಿ ಒಬ್ಬ ಕುಡಿತದ ರೋಗಿಯನ್ನು ಮಾತಾಡಿಸಿ ಚಿಕಿತ್ಸೆ ಯೋಜಿಸುವುದನ್ನು ಪ್ರಾಯೋಗಿಕ ಪ್ರಶ್ನೆಯಾಗಿ ಇಡಿ. ಪರೀಕ್ಷೆಗೆ ಬರುತ್ತದೆ ಅಂದರೆ ವಿದ್ಯಾರ್ಥಿಗಳು ಓದುತ್ತಾರೆ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ ಲೆಕ್ಕದ ವಿಷಯ. ಈಗ ವರದಿಗಳಲ್ಲಿ ಕಾಣುವುದು "ಇಷ್ಟು ಮಂದಿಗೆ ತರಬೇತಿ ನೀಡಲಾಯಿತು" ಎಂಬ ಸಾಲು ಮಾತ್ರ. ಅದರ ಬದಲು ಮೂರು ಅಂಕಿ ಕೇಳಿ: ಈ ಕೇಂದ್ರದಲ್ಲಿ ಎಷ್ಟು ಜನರಿಗೆ ಔಷಧ ಶುರುವಾಯಿತು, ಮೂರು ತಿಂಗಳ ಬಳಿಕ ಅವರಲ್ಲಿ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆ, ಬಾರದೇ ಹೋದವರಲ್ಲಿ ಎಷ್ಟು ಮಂದಿಯನ್ನು ಯಾರಾದರೂ ಫೋನ್ ಮಾಡಿ ವಿಚಾರಿಸಿದರು. ಮೊದಲ ವರ್ಷ ಈ ಅಂಕಿಗಳು ಸಣ್ಣದಾಗಿಯೇ ಇರುತ್ತವೆ. ಸಣ್ಣದಿದೆ ಎಂದು ಯಾರಿಗೂ ನೋಟಿಸು ಕೊಡಬೇಡಿ. ಮುಂದಿನ ಆಯವ್ಯಯದ ಸಿದ್ಧತೆ ಶುರುವಾಗುವ ಮೊದಲು ನಿಮ್ಮ ವ್ಯಾಪ್ತಿಯ ಕೆಲವೇ ಕೇಂದ್ರಗಳಲ್ಲಿ ಇದನ್ನು ಆರಂಭಿಸಲು ಒಪ್ಪಿದರೆ, ಅಭ್ಯಾಸದ ಪಾಠಗಳು, ಪ್ರಶ್ನೆಗಳ ಹಾಳೆ, ಔಷಧದ ಪಟ್ಟಿ ಎಲ್ಲವನ್ನೂ ಸಿದ್ಧಮಾಡಿ ಕೊಡಲು ನನ್ನಂಥ ಹಲವರು ತಯಾರಿದ್ದೇವೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ವೈದ್ಯ